ನಾವು ಎಸೆದದ್ದು ನಮ್ಮ ಮನೆಗೇ ಮರಳುತ್ತದೆ

ಪರಿಸರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೂರದ ಕಾಡು, ಕರಗುವ ಹಿಮ, ಜೂನ್ 5ರಂದು ಶಾಲೆಯ ಅಂಗಳದಲ್ಲಿ ನೆಡುವ ಸಸಿ. ನಮ್ಮ ಬಚ್ಚಲು, ಅಡುಗೆಮನೆ, ಮನೆ ಮುಂದಿನ ಚರಂಡಿ ನೆನಪಾಗುವುದಿಲ್ಲ. ಆದರೆ ವೈದ್ಯರ ದೃಷ್ಟಿಯಲ್ಲಿ ಪರಿಸರ ಶುರುವಾಗುವುದೇ ಅಲ್ಲಿಂದ. ಒಂದು ಮನೆಯವರು ಯಾವ ನೀರು ಕುಡಿಯುತ್ತಾರೆ, ಯಾವ ಗಾಳಿ ಉಸಿರಾಡುತ್ತಾರೆ, ಕಸವನ್ನು ಎಲ್ಲಿ ಹಾಕುತ್ತಾರೆ ಎಂಬುದು ತಿಳಿದರೆ ಆ ಮನೆಯ ಅನೇಕ ಕಾಯಿಲೆಗಳ ಮೂಲ ತಿಳಿದಂತೆ.

ಇದು ಹೊಸ ಮಾತಲ್ಲ. ಯುನಾನಿ ವೈದ್ಯಪದ್ಧತಿಯ ಮೂಲಪುರುಷನೆಂದು ನಾವು ಗೌರವಿಸುವ ಬುಕ್ರಾತ್, ಅಂದರೆ ಗ್ರೀಕರ ಹಿಪೊಕ್ರೆಟಿಸ್, ಕ್ರಿಸ್ತಪೂರ್ವ 5ನೇ ಶತಮಾನದವನು. ಗಾಳಿ, ನೀರು, ಸ್ಥಳಗಳ ಕುರಿತು ಅವನ ಹೆಸರಿನಲ್ಲಿ ಒಂದು ಗ್ರಂಥವಿದೆ. ಹೊಸ ಊರಿಗೆ ಬಂದ ವೈದ್ಯ ಅಲ್ಲಿ ಯಾವ ದಿಕ್ಕಿನ ಗಾಳಿ ಬೀಸುತ್ತದೆ, ಜನ ಕುಡಿಯುವ ನೀರು ಎಂಥದ್ದು, ನೆಲ ಎಂಥದ್ದು ಎಂಬುದನ್ನು ಮೊದಲು ನೋಡಬೇಕು ಎಂಬುದು ಅದರ ಸಾರ. ಮುಂದೆ ಬಂದ ಹಕೀಮರು ಇದನ್ನೇ ಬೆಳೆಸಿ, ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳಿದರು. ಅವುಗಳಿಗೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳಬೇಕಾದದ್ದು ಮತ್ತು ಹೊರಹಾಕಬೇಕಾದದ್ದು. ಇವು ಆರೂ ಸರಿಯಿದ್ದರೆ ಆರೋಗ್ಯ, ಕೆಟ್ಟರೆ ರೋಗ. ಮೊದಲ ಸ್ಥಾನ ಗಾಳಿಗೆ, ಅದರ ಬೆನ್ನಿಗೇ ಅನ್ನ ಮತ್ತು ನೀರು.

ಇಂದಿನ ತೊಂದರೆ ಏನೆಂದರೆ, ಬುಕ್ರಾತನ ಕಾಲದಲ್ಲಿ ಗಾಳಿ ನೀರುಗಳು ಹೆಚ್ಚಾಗಿ ತಾವಾಗಿ ಕೆಡುತ್ತಿದ್ದವು. ಇಂದು ಅವನ್ನು ನಾವೇ ಕೆಡಿಸುತ್ತೇವೆ. ಕಸವನ್ನು ಸುಟ್ಟರೆ ಅದು ಇಲ್ಲವಾಯಿತು, ಕೊಳೆನೀರು ಚರಂಡಿಗೆ ಬಿದ್ದರೆ ಹೋಯಿತು ಎಂದುಕೊಳ್ಳುತ್ತೇವೆ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಹೊಗೆಯಾಗಿ, ನೀರಾಗಿ, ಹಾಲಾಗಿ, ಸೊಪ್ಪಾಗಿ ನಮ್ಮ ಮನೆಯೊಳಕ್ಕೇ ಬರುತ್ತದೆ. ಆದ್ದರಿಂದ ಪರಿಸರದ ಮೇಲೆ ನಮ್ಮ ಹೊರೆ ಇಳಿಸುವುದು ಲೋಕಕ್ಕೆ ಮಾಡುವ ಉಪಕಾರ ಮಾತ್ರವಲ್ಲ, ನಮ್ಮ ಮಕ್ಕಳ ಆರೋಗ್ಯ ಕಾಯುವ ಕೆಲಸ. ಮಾಯಕೊಂಡ, ದಾವಣಗೆರೆ, ಹರಿಹರಗಳ ನಮ್ಮ ನಿತ್ಯದ ಬದುಕಿನಿಂದಲೇ ಉದಾಹರಣೆ ತೆಗೆದುಕೊಂಡು ಇದನ್ನು ನೋಡೋಣ.

ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ದಾವಣಗೆರೆ ನಗರದ ನಲ್ಲಿಗಳಿಗೆ ತುಂಗಭದ್ರಾ ನದಿಯಿಂದ ಮತ್ತು ಭದ್ರಾ ನಾಲೆಯಿಂದ ನೀರು ಬರುತ್ತದೆ. ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ಅದನ್ನು ತುಂಬಿಟ್ಟುಕೊಳ್ಳುತ್ತಾರೆ. ಮಾಯಕೊಂಡದ ಕಡೆಯ ಹಳ್ಳಿಗಳ ಕಥೆ ಬೇರೆ. ನಾಲೆಯ ನೀರು ಎಲ್ಲ ಹೊಲಗಳನ್ನೂ ಮುಟ್ಟುವುದಿಲ್ಲ. ಮಳೆ ನಂಬಿದ ಮೆಕ್ಕೆಜೋಳದ ಹೊಲಗಳು, ಬೋರ್‌ವೆಲ್ ನಂಬಿದ ಮನೆಗಳು. ಮಳೆ ಕಡಿಮೆಯಾದ ವರ್ಷ ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಆಳಕ್ಕೆ ಹೋದಂತೆ ನೀರು ಬಂಡೆಯ ಸಂದಿಗಳಲ್ಲಿ ಬಹುಕಾಲ ನಿಂತದ್ದಾಗಿರುತ್ತದೆ. ಬಂಡೆಯಲ್ಲಿರುವ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಅಂತರ್ಜಲದಲ್ಲಿ ಫ್ಲೋರೈಡ್ ಕಂಡುಬಂದಿರುವ ಕರ್ನಾಟಕದ ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರಿಗೆ ಸೊಂಟ, ಕುತ್ತಿಗೆ, ಮಂಡಿಗಳು ಬಿಗಿಯುತ್ತವೆ. ಇದನ್ನು ವಾತ, ವಯಸ್ಸಿನ ನೋವು ಎಂದು ಎಣ್ಣೆ ತಿಕ್ಕುತ್ತಾ ಕೂರುವವರಿದ್ದಾರೆ. ಮೂಲ ನೀರಿನಲ್ಲಿದ್ದಾಗ ಎಣ್ಣೆಯಿಂದ ಅದು ಹೋಗದು.

ತಾಯಂದಿರು ಒಂದು ಮಾತನ್ನು ನೆನಪಿಡಬೇಕು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ನಿಮ್ಮ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಫ್ಲೋರೈಡ್ ಇದ್ದರೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಊಟದಲ್ಲಿ ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಇರಲಿ.

ಇನ್ನೊಂದು ದಾರಿ ನಮ್ಮ ತಲೆಯ ಮೇಲೇ ಇದೆ. ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ಲೆಕ್ಕ ಹಾಕಿ ನೋಡಿ: 30 ಅಡಿ ಉದ್ದ, 30 ಅಡಿ ಅಗಲದ ಆರ್‌ಸಿಸಿ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 50,000 ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 40,000 ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಬೇಕೆಂದುಕೊಂಡರೆ, 2,000 ಲೀಟರಿನ ಒಂದೇ ಒಂದು ತೊಟ್ಟಿ ತುಂಬಿಟ್ಟರೂ 50 ದಿನ ನಡೆಯುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು, ತೊಟ್ಟಿಗೆ ಮುಚ್ಚಳ ಇರಬೇಕು, ಕುಡಿಯುವ ಮುನ್ನ ಸೋಸಿ ಕುದಿಸಬೇಕು. ಉಳಿದ ನೀರನ್ನು ಬೋರ್‌ವೆಲ್ ಸುತ್ತ ಇಂಗುಗುಂಡಿ ಮಾಡಿ ಭೂಮಿಗೆ ಇಳಿಸಿದರೆ ಅದು ನಾಳೆಗೆ ಮಾಡಿದ ಉಳಿತಾಯ.

ಮನೆಯಲ್ಲಿ ಆರ್‌ಒ ಯಂತ್ರ ಇರುವವರು ಅದರ ಹಿಂದಿನ ಕೊಳವೆಯನ್ನು ಒಮ್ಮೆ ನೋಡಿ. ಒಂದು ಲೀಟರ್ ಶುದ್ಧ ನೀರು ಕೊಡಲು ಅನೇಕ ಯಂತ್ರಗಳು ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ಆ ನೀರನ್ನು ಕೊಡದಲ್ಲಿ ಹಿಡಿದು ನೆಲ ಒರೆಸಲು, ಪಾಯಿಖಾನೆಗೆ ಬಳಸಿ. ಕುಡಿಯಲು ಮಾತ್ರ ಅದು ಬೇಡ.

ವುಝೂವಿಗೆ ಎಷ್ಟು ನೀರು ಬೇಕು?

ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಗುಸ್ಲ್ ಮಾಡುತ್ತಿದ್ದರು ಎಂಬುದು ಹದೀಸ್ ಗ್ರಂಥಗಳಿಂದ ನಮಗೆ ತಿಳಿದಿರುವ ವಿಷಯ. ಒಂದು ಮುದ್ದ್ ಎಂದರೆ ಎರಡು ಅಂಗೈ ಜೋಡಿಸಿದರೆ ಹಿಡಿಯುವಷ್ಟು. ಇಂದಿನ ಅಳತೆಯಲ್ಲಿ ಒಂದು ಲೀಟರಿಗಿಂತಲೂ ಕಡಿಮೆ.

ಈಗ ನಮ್ಮ ಅಳತೆ ನೋಡೋಣ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಎಂದಿನಂತೆ ನಲ್ಲಿ ಬಿಟ್ಟುಕೊಂಡು ವುಝೂ ಮಾಡಿ. ಬಕೆಟ್‌ನಲ್ಲಿ ಆರು ಲೀಟರ್ ನಿಂತರೂ ಆಶ್ಚರ್ಯವಿಲ್ಲ. ಐದು ಜನರ ಮನೆಯಲ್ಲಿ ಎಲ್ಲರೂ ಐದು ಹೊತ್ತೂ ಮನೆಯಲ್ಲೇ ವುಝೂ ಮಾಡಿದರೆ ದಿನಕ್ಕೆ 150 ಲೀಟರ್ ಆಯಿತು. ಅದೇ ಒಂದೂವರೆ ಲೀಟರಿನ ಲೋಟಾ ಇಟ್ಟುಕೊಂಡರೆ 38 ಲೀಟರಿನಲ್ಲಿ ಮುಗಿಯುತ್ತದೆ. ಉಳಿದದ್ದು 112 ಲೀಟರ್, ಅಂದರೆ 15 ಲೀಟರಿನ ಏಳು ಕೊಡ. ಬೇಸಿಗೆಯಲ್ಲಿ ಏಳು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಬೀದಿ ನಲ್ಲಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಹಳ್ಳಿಯ ಓದುಗರಿಗೆ ಹೇಳಬೇಕಾಗಿಲ್ಲ.

ಶುಚಿತ್ವ ನೀರಿನ ಪ್ರಮಾಣದಿಂದ ಬರುವುದಿಲ್ಲ, ಉಜ್ಜುವುದರಿಂದ ಬರುತ್ತದೆ. ಬೆರಳ ಸಂದಿ, ಹಿಮ್ಮಡಿ ಚೆನ್ನಾಗಿ ತೊಳೆದಿದ್ದರೆ ಸಾಕು. ಸಕ್ಕರೆ ಕಾಯಿಲೆ ಇರುವವರು ಕಾಲ್ಬೆರಳ ಸಂದಿಯನ್ನು ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿಕೊಳ್ಳಲೇಬೇಕು.

ಮಸೀದಿ ಕಮಿಟಿಯ ಹಿರಿಯರಲ್ಲಿ ಒಂದು ವಿನಂತಿ. ಒತ್ತಿದಾಗ ಮಾತ್ರ ನೀರು ಬರುವ ನಲ್ಲಿಗಳನ್ನು ಹಾಕಿಸಬಹುದು. ವುಝೂವಿನ ನೀರಿನಲ್ಲಿ ಸೋಪು ಇರುವುದಿಲ್ಲ, ಎಣ್ಣೆ ಜಿಡ್ಡು ಇರುವುದಿಲ್ಲ. ಅದನ್ನು ಕೊಳಕು ಚರಂಡಿಗೆ ಸೇರಿಸದೆ ಪ್ರತ್ಯೇಕ ಪೈಪಿನಲ್ಲಿ ಅಂಗಳದ ಗಿಡಗಳಿಗೆ, ಇಂಗುಗುಂಡಿಗೆ ಬಿಟ್ಟರೆ ಮಸೀದಿಯ ನೆರಳೂ ಬೆಳೆಯುತ್ತದೆ, ನೆಲದೊಳಗಿನ ನೀರೂ ಹೆಚ್ಚುತ್ತದೆ.

ಬಚ್ಚಲ ಒಲೆಯ ಹೊಗೆ

ನಮ್ಮ ಕಡೆ ಬಚ್ಚಲ ಹಂಡೆಗೆ ಮೆಕ್ಕೆಜೋಳದ ಬೆಂಡು, ಸೌದೆ, ತೆಂಗಿನ ಮಟ್ಟೆ ಉರಿಸುವುದು ರೂಢಿ. ಮಳೆಗಾಲದಲ್ಲಿ ಬೆಂಡು ಹಸಿಯಾಗಿದ್ದರೆ ಬೇಗ ಹತ್ತುವುದಿಲ್ಲ. ಆಗ ಕೈಗೆ ಸಿಗುವುದು ಹಾಲಿನ ಖಾಲಿ ಪ್ಯಾಕೆಟ್, ಅಂಗಡಿಯ ಕವರ್, ಹಳೇ ಚಪ್ಪಲಿ. ಅದಕ್ಕೆ ಕಡ್ಡಿ ಗೀರಿ ಬೆಂಡಿನ ಕೆಳಗೆ ಇಟ್ಟರೆ ಉರಿ ಹತ್ತುತ್ತದೆ. ಚಳಿಗೆ ಮಕ್ಕಳು ಅದೇ ಒಲೆಯ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತವೆ.

ಆ ಹೊಗೆ ಸಾಧಾರಣ ಹೊಗೆಯಲ್ಲ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಮಂದ ಉರಿಯಲ್ಲಿ ಸುಟ್ಟಾಗ ಶ್ವಾಸನಾಳವನ್ನು ಕೆರಳಿಸುವ ಆಮ್ಲದ ಆವಿ ಬರುತ್ತದೆ. ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಡಯಾಕ್ಸಿನ್ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದೇಹಕ್ಕೆ ಸೇರಿದ್ದರಲ್ಲಿ ಅರ್ಧದಷ್ಟು ಹೊರಹೋಗಲು 7ರಿಂದ 11 ವರ್ಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಗೆಯ ಮಸಿ ಮೇವಿನ ಮೇಲೆ ಕೂರುತ್ತದೆ, ಬೂದಿ ತಿಪ್ಪೆಯ ಮೂಲಕ ಹೊಲಕ್ಕೆ ಹೋಗುತ್ತದೆ. ಮೇವು ತಿಂದ ಎಮ್ಮೆಯ ಹಾಲಿನಲ್ಲಿ, ಕುರಿಯ ಕೊಬ್ಬಿನಲ್ಲಿ ಅದು ತಿರುಗಿ ನಮ್ಮ ತಟ್ಟೆಗೆ ಬರುತ್ತದೆ. ಗೇರುಗೇರು ಎನ್ನುವ ಉಸಿರು, ಬಿಡದ ಕೆಮ್ಮು ಇರುವ ಮಗುವಿಗೆ ಶರ್ಬತ್, ಜೋಷಾಂದಾ ಕೊಡುವ ಮೊದಲು ಆ ಮನೆಯಲ್ಲಿ ಒಲೆ ಹೇಗೆ ಹಚ್ಚುತ್ತಾರೆ ಎಂದು ಕೇಳುವುದು ಹಕೀಮರ ಮೊದಲ ಕೆಲಸವಾಗಬೇಕು.

ಬೀದಿಯಲ್ಲಿ ಕಸ ಸುಡುವುದು ಕಾನೂನಿನ ಪ್ರಕಾರವೂ ತಪ್ಪು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತು. ದೊಡ್ಡ ಪ್ರಮಾಣದ ಕಸಕ್ಕೆ 25,000. ಆದರೆ ದಂಡಕ್ಕಿಂತ ದೊಡ್ಡದು ಮಗುವಿನ ಎದೆ. ಬೆಂಡನ್ನು ಬಿಸಿಲಿದ್ದಾಗಲೇ ಒಣಗಿಸಿ ಮಳೆ ತಾಗದ ಕಡೆ ಇಡಿ. ಉರಿ ಹಚ್ಚಲು ತೆಂಗಿನ ಗರಿ, ಒಣ ಸಿಪ್ಪೆ ಸಾಕು. ಹಾಲಿನ ಪ್ಯಾಕೆಟನ್ನು ತೊಳೆದು ಒಣಗಿಸಿ ಗುಜರಿಯವರಿಗೆ ಅಥವಾ ಕಸದ ಗಾಡಿಗೆ ಕೊಡಿ. ಲೋಬಾನ್, ಊದುಬತ್ತಿ ಹಚ್ಚುವಾಗಲೂ ಕಿಟಕಿ ತೆರೆದಿರಲಿ, ದಮ್ಮು ಇರುವವರ ಕೋಣೆಯಲ್ಲಿ ಅದು ಬೇಡ.

ದಸ್ತರ್‌ಖ್ವಾನ್ ಮತ್ತು ದಾವತ್

ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿ ಬೋಧನೆ ನಮಗೆಲ್ಲ ಗೊತ್ತು. ಯುನಾನಿ ವೈದ್ಯವೂ ಹಸಿವು ಸ್ವಲ್ಪ ಉಳಿದಿರುವಾಗಲೇ ಕೈ ತೊಳೆಯಿರಿ ಎನ್ನುತ್ತದೆ. ವಲೀಮಾದ ದಿನ ಮಾತ್ರ ಇವೆರಡನ್ನೂ ಮರೆಯುತ್ತೇವೆ.

ಒಂದು ಕಿಲೋ ಅಕ್ಕಿ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕೆಂದು ಲೆಕ್ಕ ಹಾಕಿದ್ದಾರೆ. ಹತ್ತು ಕಿಲೋ ಅಕ್ಕಿಯ ಬಿರಿಯಾನಿ ಕಸಕ್ಕೆ ಹೋಯಿತೆಂದರೆ 25,000 ಲೀಟರ್ ನೀರು ಮಣ್ಣುಪಾಲಾಯಿತು. ಭದ್ರಾ ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ಭತ್ತದ ರೈತರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆ ಅನ್ನ ಕಸದ ರಾಶಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹೊರಬರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಬಹಳ ತೀವ್ರ. ನೊಣ, ಇಲಿ, ಬೀದಿನಾಯಿಗಳೂ ಅಲ್ಲಿಗೇ ಸೇರುತ್ತವೆ.

ದಾವತ್‌ನಲ್ಲಿ ಮೊದಲ ಬಾರಿ ಕಡಿಮೆ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಿ. ಉಳಿಯುವಂತಿದ್ದರೆ ಬಿಸಿಯಿರುವಾಗಲೇ ತೆಗೆದು ಹಂಚಿ, ಹಳಸಿದ ಮೇಲೆ ಬಡವರಿಗೆ ಕೊಡುವುದು ದಾನವಲ್ಲ. ಥರ್ಮೋಕೋಲ್ ಅಲಂಕಾರ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕವರ್ ನಿಷೇಧಿಸಿತ್ತು. ಮುತ್ತುಗದ ಎಲೆ, ಬಾಳೆ ಎಲೆ, ಇಲ್ಲವೇ ಬಾಡಿಗೆಯ ಸ್ಟೀಲ್ ತಟ್ಟೆ ಬಳಸಿ. ಮೊಹಲ್ಲಾದ ಮನೆಗಳು ಸೇರಿ 200 ಸ್ಟೀಲ್ ತಟ್ಟೆ ಲೋಟ ಕೊಂಡಿಟ್ಟರೆ ಹತ್ತಾರು ವರ್ಷ ಎಲ್ಲರ ಮದುವೆಗೂ ಆಗುತ್ತದೆ.

ಮಾಂಸ ತರಲು ಸ್ಟೀಲ್ ಡಬ್ಬಿ ಒಯ್ಯಿರಿ. ಬಿಸಿ ಚಹಾ, ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಳ್ಳಬೇಡಿ. ಮಿರ್ಚಿ, ಮಂಡಕ್ಕಿಯನ್ನು ಪತ್ರಿಕೆಯ ಹಾಳೆಯಲ್ಲಿ ತಿನ್ನುವುದೂ ಒಳ್ಳೆಯದಲ್ಲ, ಮುದ್ರಣದ ಶಾಯಿ ಎಣ್ಣೆಯ ಜೊತೆ ಹೊಟ್ಟೆಗೆ ಹೋಗುತ್ತದೆ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರ ಕೈಯಲ್ಲಿ ಬಟ್ಟೆ ಚೀಲ ಇರಬೇಡವೇ?

ಕುರ್ಬಾನಿಯ ದಿನಗಳಲ್ಲಿ

ಬಕ್ರೀದ್‌ನಲ್ಲಿ ರಕ್ತವನ್ನು ತೆರೆದ ಚರಂಡಿಗೆ ಬಿಡುವುದು, ಕರುಳು ಮುಂತಾದವನ್ನು ಕೆರೆಯಂಗಳಕ್ಕೆ, ಹಳ್ಳಕ್ಕೆ ಎಸೆಯುವುದು ಆರೋಗ್ಯಕ್ಕೂ ಕೇಡು, ನೆರೆಹೊರೆಯವರಿಗೂ ನೋವು. ಜನ ಓಡಾಡುವ ದಾರಿ, ನೆರಳು, ನೀರಿನ ನೆಲೆಗಳನ್ನು ಕೊಳಕು ಮಾಡುವುದನ್ನು ಪ್ರವಾದಿಯವರು(ಸ) ಕಟುವಾಗಿ ತಡೆದಿದ್ದಾರೆ. ನಗರದಲ್ಲಿ ಪಾಲಿಕೆಯ ವಾಹನಕ್ಕೇ ಕೊಡಿ. ಹಳ್ಳಿಯಲ್ಲಿ ಬಾವಿ, ಬೋರ್‌ವೆಲ್‌ನಿಂದ ದೂರದಲ್ಲಿ, ನಾಯಿಗಳು ಕೆದರಲಾಗದಷ್ಟು ಆಳದ ಗುಂಡಿ ಹಿಂದಿನ ದಿನವೇ ತೋಡಿಡಿ. ಹಾಕಿದ ಮೇಲೆ ಸುಣ್ಣ ಉದುರಿಸಿ, ಮಣ್ಣು ಮುಚ್ಚಿ ತುಳಿಯಿರಿ.

ಔಷಧವೂ ಕಸವಾಗುತ್ತದೆ

ಅರ್ಧ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಬಚ್ಚಲಿಗೆ ಹಾಕಬೇಡಿ. ಚರಂಡಿಯ ಕ್ರಿಮಿಗಳು ಆ ಔಷಧಕ್ಕೆ ಒಗ್ಗಿಕೊಂಡು ಬಲಿಯುತ್ತವೆ, ನಾಳೆ ನಿಮ್ಮ ಮಗುವಿಗೆ ಅದೇ ಔಷಧ ತಾಗುವುದಿಲ್ಲ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ನುಂಗಿ, ಹೇಳದೆ ಕೊಳ್ಳಲೇಬೇಡಿ. ನಮ್ಮ ಪದ್ಧತಿಯ ಔಷಧಕ್ಕೂ ಈ ಮಾತು ಸಲ್ಲುತ್ತದೆ. ಲೋಹದಿಂದ ತಯಾರಾದ ಕುಷ್ತಾ ಉಳಿದಿದ್ದರೆ ತೊಳೆದು ಚೆಲ್ಲದೆ ಕೊಟ್ಟ ಹಕೀಮರಿಗೇ ಮರಳಿಸಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಆಸ್ಪತ್ರೆಗೆ ಹೋದಾಗ ಕೊಡಿ. ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ ಬೇರೆಯಾಗಿ ಕೊಡಿ. ಕಸ ಎತ್ತುವವರ ಕೈಯೂ ನಮ್ಮ ಕೈಯಂಥದ್ದೇ.

"ನನ್ನೊಬ್ಬನಿಂದ ಏನಾಗುತ್ತದೆ?"

ಈ ಪ್ರಶ್ನೆ ನ್ಯಾಯವಾದದ್ದೇ. 1980ರ ದಶಕದಲ್ಲಿ ಹರಿಹರದ ಎದುರು ದಡದ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ಮೀನುಗಳು ಸಾಯುತ್ತಿವೆ ಎಂದು ನದಿಪಾತ್ರದ ಜನ ದೂರಿದರು. ಸಮಾಜ ಪರಿವರ್ತನ ಸಮುದಾಯ ಅದನ್ನು ನ್ಯಾಯಾಲಯದವರೆಗೆ ಒಯ್ದಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17 ಅದರಲ್ಲಿದ್ದವು, ತುಂಗಭದ್ರೆಯೂ ಸೇರಿತ್ತು. ದೊಡ್ಡವರು ಮಾಡುವ ಮಾಲಿನ್ಯಕ್ಕೆ ದೊಡ್ಡವರೇ ಹೊಣೆ. ನಮ್ಮ ಲೋಟಾ ಅದಕ್ಕೆ ಪರಿಹಾರವಲ್ಲ, ಅವರನ್ನು ಪ್ರಶ್ನಿಸುವುದನ್ನು ನಾವು ಬಿಡಬಾರದು.

ಆದರೆ ನದಿಗೆ ಸೇರುವ ಕೊಳೆಯಲ್ಲಿ ಊರುಗಳ ಚರಂಡಿಯ ಪಾಲೂ ದೊಡ್ಡದು, ಆ ಚರಂಡಿ ನಮ್ಮ ಮನೆಯಿಂದಲೇ ಹೊರಟದ್ದು. ಹರಿಹರ ದಾಟಿದ ನೀರನ್ನು ಕೆಳಗಿನ ಊರುಗಳವರು ಬಳಸುತ್ತಾರೆ. ನಮಗೆ ಬರುವ ನೀರಿಗೆ ಮೇಲಿನ ಊರುಗಳ ಚರಂಡಿ ಸೇರಿರುತ್ತದೆ. ಪ್ರತಿ ಊರೂ ಇನ್ನೊಂದು ಊರಿಗೆ ಮೇಲಿನ ಊರೇ. ಬಚ್ಚಲ ಒಲೆಯ ಹೊಗೆಯ ವಿಷಯದಲ್ಲಂತೂ ಯಾವ ಸರ್ಕಾರವೂ ಕಾರ್ಖಾನೆಯೂ ನಡುವೆ ಇಲ್ಲ. ಅದನ್ನು ಇಂದು ನಿಲ್ಲಿಸಿದರೆ ನಾಳೆ ಬೆಳಿಗ್ಗೆಯೇ ನಿಮ್ಮ ಮಗುವಿಗೆ ಲಾಭ.

ಈ ತಿಂಗಳು ಮಾಡಿ ನೋಡಿ

1. ವುಝೂವಿಗೆ, ಹಲ್ಲುಜ್ಜಲು ನಲ್ಲಿ ಬಿಟ್ಟುಕೊಳ್ಳದೆ ಲೋಟಾ, ಚೊಂಬು ಬಳಸಿ. ಸೋರುವ ನಲ್ಲಿಯ ವಾಷರ್ ಬದಲಿಸಿ.

2. ಒಲೆಗೆ ಪ್ಲಾಸ್ಟಿಕ್, ರಬ್ಬರ್ ಹಾಕುವುದನ್ನು ಇಂದೇ ನಿಲ್ಲಿಸಿ.

3. ಹಸಿ ಕಸ, ಒಣ ಕಸ ಬೇರೆ ಮಾಡಿ. ತರಕಾರಿ ಸಿಪ್ಪೆಗೆ ಹಿತ್ತಲಲ್ಲಿ ಗುಂಡಿ, ಜಾಗವಿಲ್ಲದಿದ್ದರೆ ತೂತು ಮಾಡಿದ ಹಳೇ ಬಕೆಟ್ ಸಾಕು.

4. ಬೇಳೆ, ಕಡಲೆಗಳನ್ನು ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿ. ಗ್ಯಾಸ್ ಉಳಿಯುತ್ತದೆ, ಜೀರ್ಣವೂ ಸುಲಭ.

5. ಒಂದು ಕಿಲೋಮೀಟರಿನೊಳಗಿನ ಮಸೀದಿ, ಅಂಗಡಿಗೆ ನಡೆದು ಹೋಗಿ. ಪೆಟ್ರೋಲೂ ಉಳಿಯಿತು, ಹಕೀಮರು ಹೇಳಿದ ವ್ಯಾಯಾಮವೂ ಆಯಿತು.

6. ಮಳೆಗಾಲಕ್ಕೆ ಮುಂಚೆ ಆರ್‌ಸಿಸಿಯ ಒಂದು ಪೈಪಿಗಾದರೂ ಡ್ರಮ್ ಜೋಡಿಸಿ.

7. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಅದೇ ನೀರು ಕುಡಿಯುವ ಅಕ್ಕಪಕ್ಕದವರಿಗೂ ತಿಳಿಸಿ.

ಎಲ್ಲವನ್ನೂ ಒಮ್ಮೆಗೇ ಮಾಡಬೇಕೆಂದಿಲ್ಲ. ಎರಡರಿಂದ ಆರಂಭಿಸಿ, ಮನೆಯ ಮಕ್ಕಳಿಗೆ ಲೆಕ್ಕ ಇಡಲು ಹೇಳಿ. ಹಲ್ಲಿನ ಮೇಲೆ ಮಚ್ಚೆ, ಎರಡು ವಾರ ಮೀರಿದ ಕೆಮ್ಮು, ಬೆಳಗಿನ ಹೊತ್ತು ಮಂಡಿ ಸೊಂಟದ ಬಿಗಿತ ಇರುವವರು ಮಾತ್ರ ಕಾಯದೆ ಹತ್ತಿರದ ವೈದ್ಯರಿಗೆ ತೋರಿಸಿ. ತೋರಿಸುವಾಗ ನೀವು ಕುಡಿಯುವ ನೀರು ಯಾವುದು, ಒಲೆ ಯಾವುದು ಎಂಬುದನ್ನೂ ಹೇಳಿ.